ನೆರೆ ಇಳಿದ ಊರಿನಲ್ಲಿ ಕೂಸಿನ ಮನೆ: ಸರ್ಕಾರದ ಹಣ ಹೊಂದಿಸುವ ಬಗೆ

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಂದೇ ವಾರದಲ್ಲಿ ದಂಡೆ ಮೀರಿದವು. ರಾಜ್ಯದ 22 ಜಿಲ್ಲೆಗಳ 103 ತಾಲ್ಲೂಕುಗಳನ್ನು ನೆರೆಪೀಡಿತವೆಂದು ಸರ್ಕಾರ ಘೋಷಿಸಿತು. ನೀರು ಇಳಿದ ಮೂರನೆಯ ವಾರ ನಾನು ಮಲಪ್ರಭೆಯ ದಂಡೆಯ ಒಂದು ಊರಿನಲ್ಲಿ ಪಂಚಾಯ್ತಿಯ ಸಮೀಕ್ಷೆಗೆ ನೆರವಾಗಲು ಹೋಗಿದ್ದೆ. ತಗಡಿನ ಶೆಡ್ಡಿನ ಮುಂದೆ ಆರನೆಯ ತರಗತಿಯ ಹುಡುಗಿಯೊಬ್ಬಳು ಒಂಬತ್ತು ತಿಂಗಳ ತಮ್ಮನನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದಳು. ಶಾಲೆ ಅದಾಗಲೇ ತೆರೆದಿತ್ತು. ಶಾಲೆಗೆ ಯಾಕೆ ಹೋಗಿಲ್ಲ ಎಂದು ಕೇಳಿದಾಗ ಅವಳು, ‘ಇವನ್ನ ಯಾರು ಹಿಡೀತಾರ್ರೀ?’ ಎಂದಳು. ತಾಯಿ ಹೊಲದ ಹೂಳು ತೆಗೆಯುವ ಕೂಲಿಗೆ ಹೋಗಿದ್ದಳು, ಅಜ್ಜಿ ಪರಿಹಾರದ ಅರ್ಜಿ ಹಿಡಿದು ತಹಶೀಲ್ದಾರರ ಕಚೇರಿಯ ಸಾಲಿನಲ್ಲಿದ್ದಳು, ಅಂಗನವಾಡಿಯ ಕೋಣೆಯಲ್ಲಿ ಮೊಣಕಾಲುದ್ದ ರಾಡಿ ನಿಂತಿತ್ತು.

ಸಮೀಕ್ಷೆಯ ನಮೂನೆಯಲ್ಲಿ ಬಿದ್ದ ಗೋಡೆಗೆ, ಸತ್ತ ದನಕ್ಕೆ, ಕೊಚ್ಚಿಹೋದ ಬೆಳೆಗೆ ಒಂದೊಂದು ಕಾಲಮ್ ಇತ್ತು. ಆ ಹುಡುಗಿ ಕಳೆದುಕೊಂಡ ಶಾಲೆಯ ದಿನಗಳಿಗಾಗಲಿ, ತಾಯಿ ಬಿಟ್ಟ ಕೂಲಿಯ ದಿನಗಳಿಗಾಗಲಿ ಕಾಲಮ್ ಇರಲಿಲ್ಲ. ಅಂಥ ಊರಿನ ಪಂಚಾಯ್ತಿ ಸದಸ್ಯರು, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಅಂಗನವಾಡಿ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘದವರು ಪುಟ್ಟ ಮಕ್ಕಳ ಹಗಲಿನ ಆರೈಕೆಗೆ, ಅಂದರೆ ಕೂಸಿನ ಮನೆಯಂಥ ಶಿಶುಪಾಲನಾ ಕೇಂದ್ರಕ್ಕೆ, ಸರ್ಕಾರದ ಹಣವನ್ನು ಹೇಗೆ ಹೊಂದಿಸಬಹುದು, ಮೊದಲು ಇದ್ದುದಕ್ಕಿಂತ ಹೆಚ್ಚು ಮಕ್ಕಳಿಗೆ ಅದನ್ನು ಹೇಗೆ ವಿಸ್ತರಿಸಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಒಂದೇ ಥೈಲಿಯಲ್ಲಿ ಈ ಹಣ ಇಲ್ಲ

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಇದು. ವಿಪತ್ತು ನಿರ್ವಹಣಾ ಕಾಯ್ದೆ, 2005ರ 12ನೆಯ ಕಲಂ ಪರಿಹಾರದ ಕನಿಷ್ಠ ಮಟ್ಟವನ್ನು ಹೇಳುವಾಗ ಕಾಳಜಿ ಕೇಂದ್ರದ (ಸಂತ್ರಸ್ತರ ತಾತ್ಕಾಲಿಕ ಶಿಬಿರದ) ವಸತಿ, ಆಹಾರ, ಕುಡಿಯುವ ನೀರು, ವೈದ್ಯಕೀಯ ನೆರವು, ನೈರ್ಮಲ್ಯವನ್ನು ಹೆಸರಿಸುತ್ತದೆ. ವಿಧವೆಯರಿಗೂ ಅನಾಥರಿಗೂ ವಿಶೇಷ ಏರ್ಪಾಡು ಇರಬೇಕೆನ್ನುತ್ತದೆ. ತಂದೆತಾಯಿ ಇಬ್ಬರೂ ಬದುಕಿದ್ದು, ಇಬ್ಬರೂ ದುಡಿಯಲು ಹೋಗಲೇಬೇಕಾದ ಮನೆಯ ಮಗುವನ್ನು ಹಗಲು ಯಾರು ನೋಡಿಕೊಳ್ಳಬೇಕು ಎಂಬುದು ಅಲ್ಲಿ ಇಲ್ಲ. ಆದ್ದರಿಂದ ‘ನೆರೆ ಪರಿಹಾರದಲ್ಲಿ ಶಿಶುಪಾಲನಾ ಕೇಂದ್ರ ಮಂಜೂರು ಮಾಡಿ’ ಎಂದು ಬರೆದ ಅರ್ಜಿ ತಾಲ್ಲೂಕು ಕಚೇರಿಯಿಂದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೂ, ಅಲ್ಲಿಂದ ಪಂಚಾಯ್ತಿಗೂ, ಪಂಚಾಯ್ತಿಯಿಂದ ಮತ್ತೆ ತಾಲ್ಲೂಕು ಕಚೇರಿಗೂ ತಿರುಗುತ್ತಲೇ ಇರುತ್ತದೆ. ಅಧಿಕಾರಿಗಳ ಮನಸ್ಸು ಕೆಟ್ಟದೆಂದಲ್ಲ. ಅಂಥ ಹೆಸರಿನ ಲೆಕ್ಕಶೀರ್ಷಿಕೆ ಅವರಲ್ಲಿ ಯಾರ ಬಳಿಯೂ ಇಲ್ಲ.

ಹಾಗಾದರೆ ಮಾಡಬೇಕಾದದ್ದು ಖರ್ಚನ್ನು ಬಿಡಿಸುವುದು. ಗೋಡೆ ಮತ್ತು ಚಾವಣಿಯ ದುರಸ್ತಿ ವಿಪತ್ತು ಪರಿಹಾರ ನಿಧಿಗೆ ಹೋಗಬೇಕು, ಆರೈಕೆ ಮಾಡುವವರ ಕೂಲಿ ಉದ್ಯೋಗ ಖಾತರಿಗೆ ಅಥವಾ ಶಿಶುಪಾಲನೆಗೆಂದೇ ಇರುವ ಪಾಲನಾ ಯೋಜನೆಗೆ ಹೋಗಬೇಕು, ಊಟ ಪೂರಕ ಪೌಷ್ಟಿಕ ಆಹಾರಕ್ಕೆ ಹೋಗಬೇಕು, ಚಾಪೆ ತೊಟ್ಟಿಲು ಸಾಬೂನಿನಂಥ ಚಿಲ್ಲರೆ ಖರ್ಚನ್ನು ಪಂಚಾಯ್ತಿ ತಾನೇ ಹೊರಬೇಕು. ಕೇಂದ್ರ ಒಂದೇ ಆದರೂ ಕಡತ ನಾಲ್ಕು. ಒಂದೊಂದು ಕಚೇರಿಯನ್ನೂ ಅದರ ಕೈಯಲ್ಲಿ ಇರುವ ಹಣವನ್ನು ಮಾತ್ರ, ಅದರದೇ ಮಾತಿನಲ್ಲಿ ಕೇಳಬೇಕು.

ಎಣಿಕೆ ಎರಡು ಸಲ

ನೀರು ಇಳಿದ ಮೊದಲ ವಾರದಲ್ಲೇ ಕಾಳಜಿ ಕೇಂದ್ರದಲ್ಲಿ ಒಂದು ಪಟ್ಟಿ ಮಾಡಿಕೊಳ್ಳಿ. ಅಂಗನವಾಡಿಯ ದಾಖಲೆ ಪುಸ್ತಕ ತೊಯ್ದು ಹೋಗಿದ್ದರೆ ಅದು ಒಣಗುವ ತನಕ ಕಾಯಬೇಡಿ, ಮನೆಮನೆಯವರನ್ನು ಕೂರಿಸಿ ಕೇಳಿ. ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಮಕ್ಕಳನ್ನು ಒಂದು ಪಟ್ಟಿಯಲ್ಲಿ, ಮೂರರಿಂದ ಆರು ವರ್ಷದವರನ್ನು ಇನ್ನೊಂದರಲ್ಲಿ ಬರೆಯಬೇಕು, ಏಕೆಂದರೆ ಮುಂದೆ ಇವರಿಬ್ಬರ ಊಟದ ಲೆಕ್ಕ ಬೇರೆಬೇರೆಯಾಗುತ್ತದೆ. ಪ್ರತಿ ಹೆಸರಿನ ಮುಂದೆ ತಾಯಿಯ ಕೆಲಸ, ಅವಳು ಮನೆ ಬಿಡುವ ಹೊತ್ತು, ಹಿಂತಿರುಗುವ ಹೊತ್ತು, ಜಾಬ್ ಕಾರ್ಡ್ ಇದೆಯೋ ಇಲ್ಲವೋ, ಈಗ ಮಗುವನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂಬುದನ್ನು ಬರೆಯಿರಿ. ‘ಅಕ್ಕ, 11 ವರ್ಷ, ಶಾಲೆ ಬಿಟ್ಟಿದ್ದಾಳೆ’ ಎಂಬ ಒಂದು ಸಾಲು ಮೇಲಿನ ಕಚೇರಿಯಲ್ಲಿ ಹತ್ತು ಪುಟದ ಮನವಿಗಿಂತ ಹೆಚ್ಚು ಕೆಲಸ ಮಾಡುವುದನ್ನು ನಾನು ಕಂಡಿದ್ದೇನೆ, ಏಕೆಂದರೆ ಆ ಸಾಲಿನ ಮೇಲೆ ಶಿಕ್ಷಣ ಇಲಾಖೆಯೂ ಉತ್ತರ ಕೊಡಬೇಕಾಗುತ್ತದೆ.

ಇದೇ ಎಣಿಕೆಯನ್ನು ಎರಡು ತಿಂಗಳ ನಂತರ ಮತ್ತೊಮ್ಮೆ ಮಾಡಬೇಕು. ಅಷ್ಟರಲ್ಲಿ ಜನ ಕಾಳಜಿ ಕೇಂದ್ರ ಬಿಟ್ಟು ಕೆಲವರು ಶೆಡ್ಡಿಗೆ, ಕೆಲವರು ನೆಂಟರ ಊರಿಗೆ, ಕೆಲವರು ಹೊಲದ ಗುಡಿಸಲಿಗೆ ಹೋಗಿರುತ್ತಾರೆ. ಬೆಳಗಾವಿ, ಬಾಗಲಕೋಟೆ ಸೀಮೆಯಾದರೆ ಅದೇ ಹೊತ್ತಿಗೆ ಕಬ್ಬು ಕಡಿಯುವ ಗ್ಯಾಂಗಿನವರು ಮಕ್ಕಳುಮರಿಗಳೊಂದಿಗೆ ಬಂದು ಬಿಡಾರ ಹೂಡುತ್ತಾರೆ. ಅವರ ಹೆಸರು ಊರಿನ ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಆದರೆ ಅವರ ಮಕ್ಕಳು ಕಬ್ಬಿನ ಸಾಲಿನ ನಡುವೆಯೇ ಹಗಲು ಕಳೆಯುತ್ತಾರೆ. ಮನೆ ಕಟ್ಟುವ ಕೆಲಸಕ್ಕೆ ಬಂದ ಗೌಂಡಿಗಳ, ಹೆಣ್ಣಾಳುಗಳ ಮಕ್ಕಳೂ ಹೀಗೆಯೇ. ಎರಡನೆಯ ಎಣಿಕೆಯಲ್ಲಿ ಇವರನ್ನು ಸೇರಿಸಿದರೆ ಮಾತ್ರ ವಿಸ್ತರಣೆಯ ಬೇಡಿಕೆಗೆ ಆಧಾರ ಸಿಗುತ್ತದೆ. ಮೊದಲ ಪಟ್ಟಿಯೊಂದನ್ನೇ ಇಟ್ಟುಕೊಂಡು ಹೋದವರಿಗೆ ಹಳೆಯ ಅಂಗನವಾಡಿಯಷ್ಟೇ ಮರಳಿ ಸಿಗುತ್ತದೆ.

ಹಾನಿಯ ಸಮೀಕ್ಷೆಯಲ್ಲಿ ಹೆಸರು ಬರಬೇಕು

ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕರ್ನಾಟಕದಂಥ ರಾಜ್ಯದಲ್ಲಿ ಕೇಂದ್ರ ನೂರಕ್ಕೆ 75ರಷ್ಟು, ರಾಜ್ಯ 25ರಷ್ಟು ಹಾಕುತ್ತವೆ. ಆ ನಿಧಿಯ ಮಾರ್ಗಸೂಚಿಯಲ್ಲಿ ಪಂಚಾಯ್ತಿಗೆ ಸೇರಿದ ಸಮುದಾಯದ ಆಸ್ತಿಗಳ ತುರ್ತು ದುರಸ್ತಿ ಎಂಬ ಬಾಬತ್ತಿದೆ, ಪ್ರಾಥಮಿಕ ಶಾಲೆ, ಪಂಚಾಯ್ತಿ ಕಟ್ಟಡ, ಸಮುದಾಯ ಭವನಗಳ ಜೊತೆಗೆ ಅಂಗನವಾಡಿಯ ಹೆಸರೂ ಅಲ್ಲಿದೆ. ‘ತಾತ್ಕಾಲಿಕ ದುರಸ್ತಿ’ ಎಂಬ ಮಾತು ಇಲ್ಲಿ ಮುಖ್ಯ. ಈ ಬಾಬತ್ತಿನಲ್ಲಿ ಹೊಸ ಕಟ್ಟಡ ಕೇಳಿದರೆ ಇಡೀ ಅಂದಾಜು ಪಟ್ಟಿಯೇ ಹಿಂದಕ್ಕೆ ಬರುತ್ತದೆ. ಚಾವಣಿಯ ಶೀಟು, ನೆಲದ ಗಿಲಾವು, ಶೌಚಾಲಯದ ಗುಂಡಿ, ಬಾಗಿಲು, ವಿದ್ಯುತ್ ತಂತಿ, ನೀರಿನ ಕೊಳವೆ ಎಂದು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದವರಿಂದ ಬಿಡಿಬಿಡಿಯಾಗಿ ಬರೆಸಿ. ಈ ಹಣ ಜಿಲ್ಲಾಧಿಕಾರಿಗಳ ಪಿ.ಡಿ. (ವೈಯಕ್ತಿಕ ಠೇವಣಿ) ಖಾತೆಯಲ್ಲಿರುತ್ತದೆ, ಅದಕ್ಕೆ ದಾರಿ ತಹಶೀಲ್ದಾರರ ಮೂಲಕ.

ಇಲ್ಲಿ ನಾವು ಮಾಡಿದ ತಪ್ಪೊಂದನ್ನು ಹೇಳಬೇಕು. ನಾನು ನೆರವಾಗಲು ಹೋದ ಊರಿನ ಎರಡು ಅಂಗನವಾಡಿಗಳಲ್ಲಿ ಒಂದು ಬಾಡಿಗೆ ಮನೆಯಲ್ಲಿತ್ತು. ಜಂಟಿ ಸಮೀಕ್ಷೆಯವರು ಬಂದಾಗ ಆ ಕಟ್ಟಡವನ್ನು ಮಾಲೀಕರ ವಾಸದ ಮನೆಯೆಂದು ಬರೆದುಕೊಂಡರು, ಪರಿಹಾರವೂ ನಿಯಮದಂತೆ ಮಾಲೀಕರಿಗೆ ಹೋಯಿತು. ಅಲ್ಲಿ ಬರುತ್ತಿದ್ದ ಮಕ್ಕಳಿಗೆ ಜಾಗವಿಲ್ಲದಂತಾದುದು ಯಾವ ಕಾಗದದಲ್ಲೂ ದಾಖಲಾಗಲಿಲ್ಲ. ತೂಕದ ಯಂತ್ರ, ಗ್ಯಾಸ್ ಒಲೆ, ಪಾತ್ರೆ, ಆಟಿಕೆ, ಬೇಳೆಯ ಚೀಲ ಎಲ್ಲವೂ ನೀರುಪಾಲಾಗಿದ್ದರೂ ಅವುಗಳ ಪಟ್ಟಿ ಮಾಡಬೇಕೆಂಬುದು ನಮಗೆ ಹೊಳೆಯುವ ಹೊತ್ತಿಗೆ ತಿಂಗಳು ಕಳೆದಿತ್ತು, ಆಗ ‘ಪಂಚನಾಮೆ ಎಲ್ಲಿ?’ ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಬಾಡಿಗೆ ಕಟ್ಟಡವಿದ್ದರೆ ನೀವು ಮಾಡಬೇಕಾದದ್ದು ಇಷ್ಟು: ಸಮೀಕ್ಷೆಯ ತಂಡ ಬರುವ ಮೊದಲೇ ಅಂಗನವಾಡಿಯ ಬಾಲವಿಕಾಸ ಸಮಿತಿಯವರ ಸಹಿಯೊಂದಿಗೆ ಒಳಗಿನ ಸಾಮಾನಿನ ಪಂಚನಾಮೆ ಮಾಡಿಸಿ, ದಿನಾಂಕ ಮತ್ತು ಸ್ಥಳ ಮೂಡುವಂಥ ಫೋಟೊಗಳನ್ನು ತೆಗೆಯಿರಿ, ಅಂಗನವಾಡಿ ಕೇಂದ್ರದ ಸಂಖ್ಯೆಯನ್ನು ಫೋಟೊದಲ್ಲಿ ಕಾಣುವಂತೆ ಹಲಗೆಯ ಮೇಲೆ ಬರೆದಿಡಿ, ಒಂದು ಪ್ರತಿಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಕಟ್ಟಡ ಪರರದ್ದಾದರೂ ಸಾಮಾನು ಸರ್ಕಾರದ್ದು.

ತುರ್ತು ಖರೀದಿಗೆ ಟೆಂಡರು ಕಾಯಬೇಕೆ ಎಂಬ ಅನುಮಾನ ಪಿಡಿಒಗಳಿಗೆ ಸಹಜ. ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯ್ದೆ, 1999ರ 4(ಎ) ಕಲಂ ಸರ್ಕಾರ ಘೋಷಿಸಿದ ನೈಸರ್ಗಿಕ ವಿಕೋಪದ ಸಂದರ್ಭಕ್ಕೆ ವಿನಾಯಿತಿ ಕೊಡುತ್ತದೆ. ನಿಮ್ಮ ತಾಲ್ಲೂಕಿನ ಹೆಸರಿರುವ ಘೋಷಣೆಯ ಪ್ರತಿಯನ್ನು ಕಡತದ ಮೊದಲ ಹಾಳೆಯಾಗಿ ಇಡಿ. ಲೆಕ್ಕ ಪರಿಶೋಧನೆಯವರು ಮುಂದೆ ಕೇಳುವುದು ಅದನ್ನೇ.

ಕೂಲಿಯ ಹಣವೇ ಕಠಿಣ

ಕಟ್ಟಡಕ್ಕೆ ಹಣ ತರುವುದು ಕಷ್ಟವಾದರೂ ಒಂದು ಸಲದ ಕಷ್ಟ. ಮಗುವನ್ನು ಎತ್ತಿಕೊಳ್ಳುವ ಕೈಗಳಿಗೆ ಪ್ರತಿ ತಿಂಗಳೂ ಕೂಲಿ ಕೊಡಬೇಕು, ಎಷ್ಟೋ ಕೇಂದ್ರಗಳು ಇಲ್ಲಿಯೇ ಮುಚ್ಚುತ್ತವೆ. ಆದ್ದರಿಂದ ಈ ಭಾಗವನ್ನು ನಿಧಾನವಾಗಿ ನೋಡೋಣ.

ಮೊದಲ ದಾರಿ ಕೂಸಿನ ಮನೆ. 2023ರ ಜುಲೈ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯ್ತಿಗಳಲ್ಲಿ ಶಿಶುಪಾಲನಾ ಕೇಂದ್ರಗಳನ್ನು ತೆರೆಯುವುದಾಗಿ ಘೋಷಿಸಿತು, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಅದನ್ನು ನಡೆಸುತ್ತಿದೆ. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳು ಇದರ ಮೊದಲ ಫಲಾನುಭವಿಗಳು. ಜಾಬ್ ಕಾರ್ಡ್ ಇರುವ ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು, ಸರದಿಯ ಮೇಲೆ ಆರೈಕೆಯ ಕೆಲಸಕ್ಕೆ ಹಚ್ಚಿ, ಉದ್ಯೋಗ ಖಾತರಿಯ ಕೂಲಿಯನ್ನೇ ಅವರಿಗೆ ಕೊಡುವುದು ಇದರ ಹೂರಣ. ಕೆಲಸದ ಜಾಗಕ್ಕೆ ಐದು ಅಥವಾ ಹೆಚ್ಚು ಪುಟ್ಟ ಮಕ್ಕಳು ಬಂದರೆ ಒಬ್ಬ ಹೆಣ್ಣಾಳನ್ನು ಅವರನ್ನು ನೋಡಿಕೊಳ್ಳಲು ನೇಮಿಸಬೇಕು, ಅವಳಿಗೂ ಉಳಿದವರಷ್ಟೇ ಕೂಲಿ ಸಿಗಬೇಕು ಎಂಬುದು 2005ರ ಉದ್ಯೋಗ ಖಾತರಿ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಬಹಳ ಮೊದಲಿಂದಲೂ ಇತ್ತು. ಹೆಚ್ಚಿನ ಕಡೆ ಅದು ಕಾಗದದಲ್ಲೇ ಉಳಿದಿತ್ತು, ಕೂಸಿನ ಮನೆ ಅದಕ್ಕೊಂದು ಸೂರು ಕೊಟ್ಟಿತು ಎಂಬುದು ನನ್ನ ತಿಳಿವಳಿಕೆ.

ಈಗ ಲೆಕ್ಕಕ್ಕೆ ಬನ್ನಿ. 25 ಮಕ್ಕಳ ಕೇಂದ್ರದಲ್ಲಿ ದಿನಕ್ಕೆ ಇಬ್ಬರು ಬೇಕು. ತಿಂಗಳಿಗೆ 26 ದಿನ ತೆರೆದರೆ ವರ್ಷಕ್ಕೆ 624 ಮಾನವ ದಿನಗಳಾಗುತ್ತವೆ. 2005ರ ಕಾಯ್ದೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನ, ಒಬ್ಬೊಬ್ಬ ಆಳಿಗಲ್ಲ. ಅಂದರೆ ಕನಿಷ್ಠ ಏಳು ಕುಟುಂಬಗಳ ಜಾಬ್ ಕಾರ್ಡ್ ಇಲ್ಲಿಗೇ ಮೀಸಲಾಗಬೇಕು. ಇಬ್ಬರನ್ನೇ ಆರಿಸಿ ‘ನೀವೇ ನಡೆಸಿಕೊಂಡು ಹೋಗಿ’ ಎಂದರೆ ನಾಲ್ಕನೆಯ ತಿಂಗಳಿನಲ್ಲಿ ಅವರ ದಿನಗಳು ಮುಗಿದು ಬೀಗ ಬೀಳುತ್ತದೆ. ಹೀಗಾಗಿಯೇ ಹತ್ತು ಮಂದಿಗೆ ತರಬೇತಿ ಕೊಡಿಸಿ ಸರದಿ ಹಾಕುವುದು ಒಳ್ಳೆಯದು. ನೆರೆಯ ವರ್ಷದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆ ಕುಟುಂಬದ ಗಂಡಾಳು ಅದೇ ಜಾಬ್ ಕಾರ್ಡಿನಲ್ಲಿ ಕಾಲುವೆಯ ಹೂಳು ತೆಗೆಯಲು ಹೋಗಿ ದಿನಗಳನ್ನು ಮುಗಿಸಿರಬಹುದು. ಸರದಿಯ ಪಟ್ಟಿ ಮಾಡುವ ಮೊದಲು ಒಂದೊಂದು ಕಾರ್ಡಿನಲ್ಲಿ ಎಷ್ಟು ದಿನ ಉಳಿದಿದೆ ಎಂಬುದನ್ನು ಕಂಪ್ಯೂಟರಿನಲ್ಲಿ ನೋಡಿಯೇ ಹೆಸರು ಬರೆಯಿರಿ.

2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಇಬ್ಬರಿಗೆ 26 ದಿನಕ್ಕೆ 19,240 ರೂಪಾಯಿ. ಇದನ್ನು ಅಂದಾಜಿನಲ್ಲಿ ಪ್ರತ್ಯೇಕವಾಗಿ ತೋರಿಸಿ.

2025ರ ಡಿಸೆಂಬರ್‌ನಲ್ಲಿ ಸಂಸತ್ತು 2005ರ ಕಾಯ್ದೆಯ ಜಾಗಕ್ಕೆ ಹೊಸ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯನ್ನು ಅಂಗೀಕರಿಸಿದೆ. ಅದರಲ್ಲಿ ದಿನಗಳು 125ಕ್ಕೆ ಏರಿವೆ, ಕರ್ನಾಟಕದಂಥ ರಾಜ್ಯಗಳಲ್ಲಿ ಖರ್ಚನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಹಂಚಿಕೊಳ್ಳಬೇಕು, ಬಿತ್ತನೆ ಮತ್ತು ಕೊಯ್ಲಿನ ಭರಾಟೆಯಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸಲು ಅವಕಾಶವಿದೆ. ನಮ್ಮ ಕೆಲಸಕ್ಕೆ ತೊಡಕಾಗಬಹುದಾದದ್ದು ಈ ಕೊನೆಯ ಅಂಶ. ತಾಯಂದಿರಿಗೆ ಕೆಲಸ ಅತಿ ಹೆಚ್ಚಿರುವ ದಿನಗಳೇ ಅವು, ಮಗುವನ್ನು ಬಿಡಲು ಜಾಗ ಅತಿ ಹೆಚ್ಚು ಬೇಕಾಗುವುದೂ ಆಗಲೇ. ಆ ಅವಧಿಯಲ್ಲಿ ಆರೈಕೆದಾರರ ಕೂಲಿ ಯಾವ ಲೆಕ್ಕದಿಂದ ಬರುತ್ತದೆ ಎಂದು ತಾಲ್ಲೂಕು ಪಂಚಾಯ್ತಿಯ ಕಾರ್ಯನಿರ್ವಾಹಕ ಅಧಿಕಾರಿಯನ್ನು ಲಿಖಿತವಾಗಿ ಕೇಳಿ, ಉತ್ತರ ಬರುವವರೆಗೆ ಪಂಚಾಯ್ತಿಯ ಸ್ವಂತ ವರಮಾನದಲ್ಲಿ ಎರಡು ತಿಂಗಳ ಕೂಲಿಯಷ್ಟು, ಅಂದರೆ 38,480 ರೂಪಾಯಿಯನ್ನು ಎತ್ತಿಡಿ.

ಎರಡನೆಯ ದಾರಿ ಪಾಲನಾ ಯೋಜನೆ. ಹಿಂದಿನ ರಾಷ್ಟ್ರೀಯ ಕ್ರೆಷ್ ಯೋಜನೆಯೇ 2022ರಿಂದ ಮಿಷನ್ ಶಕ್ತಿಯ ಅಡಿಯಲ್ಲಿ ಈ ಹೆಸರು ಪಡೆದಿದೆ. ಇರುವ ಅಂಗನವಾಡಿಯನ್ನೇ ಅಂಗನವಾಡಿ-ಸಹ-ಶಿಶುಪಾಲನಾ ಕೇಂದ್ರವಾಗಿ ಏರಿಸಿ, ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಕ್ಕಳನ್ನು ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ ನೋಡಿಕೊಳ್ಳಲು ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿಯನ್ನು ಹೆಚ್ಚುವರಿಯಾಗಿ ಕೊಡುವುದು ಅದರ ಕ್ರಮ. ಇಲ್ಲಿಯೂ ಖರ್ಚು 60:40. ಪ್ರಸ್ತಾವ ಸಿಡಿಪಿಒ ಮೂಲಕ ಜಿಲ್ಲೆಯ ಉಪನಿರ್ದೇಶಕರಿಗೆ, ಅಲ್ಲಿಂದ ರಾಜ್ಯದ ನಿರ್ದೇಶನಾಲಯಕ್ಕೆ ಹೋಗುತ್ತದೆ. ಮಂಜೂರಾತಿ ನಿಧಾನ, ಆದರೆ ಒಮ್ಮೆ ಆದರೆ ಜಾಬ್ ಕಾರ್ಡಿನ ದಿನಗಳ ಚಿಂತೆ ಇರುವುದಿಲ್ಲ. ಹಾಗಾಗಿ ನನ್ನ ಸಲಹೆ ಇದು: ಈ ತಿಂಗಳೇ ಕೂಸಿನ ಮನೆಯ ದಾರಿಯಲ್ಲಿ ಬಾಗಿಲು ತೆರೆಯಿರಿ, ಅದೇ ದಿನ ಪಾಲನಾ ಯೋಜನೆಗೂ ಪ್ರಸ್ತಾವ ಕಳಿಸಿ. ಒಂದೇ ಕೇಂದ್ರಕ್ಕೆ ಎರಡೂ ಕಡೆಯಿಂದ ಕೂಲಿ ಪಡೆಯಲು ಬರುವುದಿಲ್ಲ. ಎರಡನೆಯದು ಮಂಜೂರಾದಾಗ ಮೊದಲನೆಯ ಆರೈಕೆದಾರರನ್ನು ಊರಿನ ಇನ್ನೊಂದು ಓಣಿಗೆ, ಶೆಡ್ಡುಗಳಿರುವ ಕಡೆಗೆ ಕಳಿಸಿ ಎರಡನೆಯ ಕೇಂದ್ರ ತೆರೆಯಬಹುದು. ವಿಸ್ತರಣೆ ಆಗುವುದು ಹೀಗೆ.

ಊಟ

ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಗುವಿಗೆ ಅಂಗನವಾಡಿಯ ಮೂಲಕ ಆಹಾರ ಸಿಗಬೇಕೆಂಬುದು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರ 5ನೆಯ ಕಲಮಿನ ಹಕ್ಕು. ಕಾಯ್ದೆ ಬಂದಾಗ ದಿನಕ್ಕೆ 500 ಕ್ಯಾಲರಿ, 12ರಿಂದ 15 ಗ್ರಾಂ ಪ್ರೋಟೀನು ಅದರ ಅಳತೆಯಾಗಿತ್ತು. ಮಗುವಿಗೆ ದಿನಕ್ಕೆ 8 ರೂಪಾಯಿ ಎಂಬುದು ಬಹುಕಾಲದಿಂದ ಬಂದ ದರ, ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಹಾಕುತ್ತವೆ. 25 ಮಕ್ಕಳಿಗೆ 26 ದಿನಕ್ಕೆ 5,200 ರೂಪಾಯಿಯಾಯಿತು. ಕೂಲಿಯೊಂದಿಗೆ ಕೂಡಿಸಿದರೆ 24,440 ರೂಪಾಯಿ, ಅಂದರೆ ಒಂದು ಮಗುವಿಗೆ ತಿಂಗಳಿಗೆ ಸಾವಿರ ರೂಪಾಯಿಗೂ ಕಡಿಮೆ. ಅದೇ ದರದಲ್ಲಿ ಒಬ್ಬ ತಾಯಿ ತಿಂಗಳಿಗೆ ಮೂರು ದಿನ ಹೆಚ್ಚು ಕೂಲಿಗೆ ಹೋದರೆ ಅಷ್ಟಕ್ಕಿಂತ ಹೆಚ್ಚು ಅವಳ ಕೈಗೆ ಬರುತ್ತದೆ. ಕ್ರಿಯಾ ಯೋಜನೆಯ ಸಭೆಯಲ್ಲಿ ‘ಇದು ದಂಡದ ಖರ್ಚು’ ಎನ್ನುವ ಸದಸ್ಯರಿಗೆ ಈ ಲೆಕ್ಕವನ್ನು ಬಾಯಲ್ಲಿ ಹೇಳಬೇಡಿ, ಹಲಗೆಯ ಮೇಲೆ ಬರೆದು ತೋರಿಸಿ.

ಆದರೆ ಮೂರು ವರ್ಷದೊಳಗಿನ ಮಕ್ಕಳಿಗೆ ಅಂಗನವಾಡಿ ಸಾಮಾನ್ಯವಾಗಿ ಬಿಸಿಯೂಟ ಕೊಡುವುದಿಲ್ಲ. ಅವರ ಪಾಲು ಪೌಷ್ಟಿಕ ಆಹಾರದ ಪೊಟ್ಟಣವಾಗಿ ಮನೆಗೆ ಹೋಗುತ್ತದೆ. ಕೂಸಿನ ಮನೆಗೆ ಬರುವವರಲ್ಲಿ ಹೆಚ್ಚಿನವರು ಇವರೇ. ಹಗಲಿಡೀ ಇಲ್ಲಿರುವ ಮಗುವಿನ ಊಟ ಅಲ್ಲಿ, ಶೆಡ್ಡಿನ ಮೂಲೆಯಲ್ಲಿ, ಪೊಟ್ಟಣದಲ್ಲಿ ಕುಳಿತಿರುತ್ತದೆ. ಇದನ್ನು ಮೊದಲ ದಿನವೇ ಸಿಡಿಪಿಒ ಅವರೊಂದಿಗೆ ಮಾತಾಡಿ, ಕೇಂದ್ರಕ್ಕೆ ಬರುವ ಮಕ್ಕಳ ಪಾಲನ್ನು ತಾಯಂದಿರ ಒಪ್ಪಿಗೆಯ ಮೇಲೆ ಕೇಂದ್ರಕ್ಕೇ ಕೊಡುವಂತೆ ಲಿಖಿತ ಸೂಚನೆ ಪಡೆಯಿರಿ. ಬಾಯಿಮಾತಿನ ಒಪ್ಪಂದ ಮೇಲ್ವಿಚಾರಕಿ ಬದಲಾದ ದಿನವೇ ಮುರಿಯುತ್ತದೆ. ನೆರೆಯ ನಂತರದ ಮೊದಲ ತಿಂಗಳಲ್ಲಿ ಭೇದಿ ಹೆಚ್ಚಿರುತ್ತದೆ, ಕುಡಿಯುವ ನೀರನ್ನು ಕುದಿಸಿ ಆರಿಸಲು ಮುಚ್ಚಳವಿರುವ ದೊಡ್ಡ ಪಾತ್ರೆಯನ್ನೂ ಓಆರ್‌ಎಸ್ ಪೊಟ್ಟಣಗಳನ್ನೂ ಆಶಾ ಕಾರ್ಯಕರ್ತೆಯ ವಾರದ ಭೇಟಿಯನ್ನೂ ಇದೇ ಪತ್ರದಲ್ಲಿ ಸೇರಿಸಿ.

ಶುಲ್ಕ ಮತ್ತು ಹೊತ್ತು

ಹಿಂದಿನ ಕ್ರೆಷ್ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬದಿಂದ ಮಗುವಿಗೆ ತಿಂಗಳಿಗೆ 20 ರೂಪಾಯಿ ಪಡೆಯಲು ಅವಕಾಶವಿತ್ತು. ನೆರೆ ಬಂದ ಊರಿನಲ್ಲಿ ಮೊದಲ ವರ್ಷ ಆ ಇಪ್ಪತ್ತೂ ಬೇಡ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಇಪ್ಪತ್ತು ರೂಪಾಯಿ ಚಿಕ್ಕ ಮೊತ್ತವಾದರೂ, ಬಾಕಿ ಬಿದ್ದ ತಾಯಿ ನಾಚಿಕೆಯಿಂದ ಮಗುವನ್ನು ಕಳಿಸುವುದನ್ನೇ ನಿಲ್ಲಿಸುತ್ತಾಳೆ. ತಾಯಿಯ ಪಾಲಿಗೆ ಕೇಂದ್ರ ಅಗ್ಗವೋ ದುಬಾರಿಯೋ ಎಂಬುದು ಶುಲ್ಕಕ್ಕಿಂತ ಹೆಚ್ಚಾಗಿ ಹೊತ್ತಿನ ಮೇಲೆ ನಿಂತಿದೆ. ಕೂಲಿಗೆ ಹೋಗುವವಳು ಎಂಟಕ್ಕೆ ಮನೆ ಬಿಡುತ್ತಾಳೆ, ಕೇಂದ್ರ ಒಂಬತ್ತೂವರೆಗೆ ತೆರೆದರೆ ಆ ಒಂದೂವರೆ ಗಂಟೆ ಮಗು ಮತ್ತೆ ಅಕ್ಕನ ಸೊಂಟದ ಮೇಲೆಯೇ. ಏಳೂವರೆ ಗಂಟೆಯ ಅವಧಿಯನ್ನು ಊರಿನ ಕೆಲಸದ ಹೊತ್ತಿಗೆ ಸರಿಸಿಕೊಳ್ಳಿ, ಸರದಿಯ ಇಬ್ಬರಲ್ಲಿ ಒಬ್ಬಳು ಏಳೂವರೆಗೆ ಬಂದು ಮೂರಕ್ಕೆ ಹೋಗಲಿ, ಇನ್ನೊಬ್ಬಳು ಹತ್ತಕ್ಕೆ ಬಂದು ಐದೂವರೆಗೆ ಬೀಗ ಹಾಕಲಿ. ಒಬ್ಬಳೇ ಇರುವ ಹೊತ್ತಿಗೆ ಬಾಲವಿಕಾಸ ಸಮಿತಿಯ ಒಬ್ಬ ತಾಯಿಯನ್ನು ಜೊತೆಗೆ ಹಾಕಿ.

ಜಾಗದ ಆಯ್ಕೆಯಲ್ಲೂ ಇದೇ ಮಾತು. 2009ರ ನೆರೆಯ ನಂತರ ಎತ್ತರದ ಜಾಗಗಳಲ್ಲಿ ಆಸರೆ ಮನೆಗಳನ್ನು ಕಟ್ಟಿದರೂ, ಹೊಲ ದೂರವಾಯಿತೆಂದು ಎಷ್ಟೋ ಕುಟುಂಬಗಳು ಹಳೆಯ ಊರನ್ನು ಬಿಡಲಿಲ್ಲ. ಖಾಲಿ ಮನೆ ಇದೆಯೆಂದು ಅಲ್ಲಿ ಕೇಂದ್ರ ತೆರೆದರೆ ಮಕ್ಕಳು ಬರುವುದಿಲ್ಲ. ತಾಯಿ ಕೆಲಸಕ್ಕೆ ಹೋಗುವ ದಾರಿಯಲ್ಲೇ ಇರುವ, 2009ರ ಮತ್ತು 2019ರ ನೀರಿನ ಗುರುತಿಗಿಂತ ಮೇಲಿನ ನೆಲವನ್ನು ಹುಡುಕಿ. ಎರಡೂ ಒಟ್ಟಿಗೆ ಸಿಗದಿದ್ದರೆ ದಾರಿಯನ್ನೇ ಆರಿಸಿ, ಮಳೆಗಾಲದ ಮೂರು ತಿಂಗಳಿಗೆ ಶಾಲೆಯ ಒಂದು ಕೋಣೆಯನ್ನು ಬದಲಿ ಜಾಗವೆಂದು ಮೊದಲೇ ಗೊತ್ತುಮಾಡಿ.

ಠರಾವು, ಕಡತ, ಮಾರ್ಚ್

ಇಷ್ಟೆಲ್ಲಕ್ಕೂ ಬುನಾದಿ ಗ್ರಾಮಸಭೆಯ ಠರಾವು. ‘ಮಕ್ಕಳ ಅನುಕೂಲಕ್ಕಾಗಿ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು’ ಎಂಬಂಥ ಠರಾವಿನಿಂದ ಒಂದು ಪೈಸೆಯೂ ಬರುವುದಿಲ್ಲ. ಠರಾವಿನ ಮಾತು ಹೀಗಿರಲಿ: ‘ಇಂತಹ ದಿನಾಂಕದ ಎಣಿಕೆಯಂತೆ ಈ ಗ್ರಾಮದಲ್ಲಿ ಹಗಲಿನ ಆರೈಕೆ ಇಲ್ಲದ ಆರು ವರ್ಷದೊಳಗಿನ ಇಷ್ಟು ಮಕ್ಕಳಿದ್ದು, ಇಂತಹ ಕಟ್ಟಡದಲ್ಲಿ ಕೂಸಿನ ಮನೆ ತೆರೆಯಲು, ಕಟ್ಟಡದ ತಾತ್ಕಾಲಿಕ ದುರಸ್ತಿಯನ್ನು ವಿಪತ್ತು ಪರಿಹಾರ ನಿಧಿಯಿಂದ ಮಂಜೂರು ಮಾಡುವಂತೆ ತಹಶೀಲ್ದಾರರನ್ನು, ಆರೈಕೆದಾರರ ಕೂಲಿಯನ್ನು ಕ್ರಿಯಾ ಯೋಜನೆಗೆ ಸೇರಿಸುವಂತೆ ತಾಲ್ಲೂಕು ಪಂಚಾಯ್ತಿಯನ್ನು, ಆಹಾರವನ್ನು ಕೇಂದ್ರಕ್ಕೆ ಪೂರೈಸುವಂತೆ ಸಿಡಿಪಿಒ ಅವರನ್ನು ಕೋರಲು, ಹಾಗೂ ಇತರ ಖರ್ಚಿಗೆ ಹಣಕಾಸು ಆಯೋಗದ ಅನುದಾನದ ನಿರ್ಬಂಧವಿಲ್ಲದ ಭಾಗದಿಂದ ಇಷ್ಟು ರೂಪಾಯಿ ಒದಗಿಸಲು ಸಭೆಯು ಸರ್ವಾನುಮತದಿಂದ ಅಂಗೀಕರಿಸಿದೆ.’ ನಡಾವಳಿಯ ದೃಢೀಕೃತ ಪ್ರತಿ ನಾಲ್ಕೂ ಕಡತಗಳಲ್ಲಿರಬೇಕು. 15ನೆಯ ಹಣಕಾಸು ಆಯೋಗದ ಅವಧಿಯಲ್ಲಿ ಪಂಚಾಯ್ತಿಯ ಅನುದಾನದ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಬಿದ್ದಿತ್ತು, ಉಳಿದ 40 ಭಾಗಕ್ಕೆ ಆ ಕಟ್ಟು ಇರಲಿಲ್ಲ, ಆದರೆ ಅದರಿಂದ ಸಂಬಳ ಕೊಡುವಂತಿರಲಿಲ್ಲ. ಕೇಂದ್ರದ ಶೌಚಾಲಯವನ್ನೂ ನೀರಿನ ತೊಟ್ಟಿಯನ್ನೂ ಕಟ್ಟುಬಿದ್ದ ಭಾಗದಿಂದಲೇ ಮಾಡಿಸಿದರೆ ಉಳಿದ ಭಾಗ ಚಾಪೆ, ತೊಟ್ಟಿಲು, ಒಲೆಗೆ ಉಳಿಯುತ್ತದೆ.

ಹೊಸ ಅಂಗನವಾಡಿ ಕಟ್ಟಡವೇ ಬೇಕಾದರೆ ಅದಕ್ಕೆ ಬೇರೆ ದಾರಿ. ನರೇಗಾ ಜೊತೆಗಿನ ಒಗ್ಗೂಡಿಸುವಿಕೆಯಲ್ಲಿ ಒಂದು ಕಟ್ಟಡಕ್ಕೆ 12 ಲಕ್ಷ ರೂಪಾಯಿ ನಿಗದಿಯಾಗಿತ್ತು: 8 ಲಕ್ಷ ನರೇಗಾದಿಂದ, 2 ಲಕ್ಷ ಹಣಕಾಸು ಆಯೋಗದ ಅಥವಾ ಬೇರೆ ಅನುದಾನದಿಂದ, 2 ಲಕ್ಷ ಮಹಿಳಾ ಮತ್ತು ಮಕ್ಕಳ ಇಲಾಖೆಯ ಬಾಬತ್ತಿನಿಂದ. ದೊಡ್ಡ ವಿಪತ್ತಾಗಿದ್ದರೆ ರಾಜ್ಯ ಕೇಂದ್ರಕ್ಕೆ ಕಳಿಸುವ ಮನವಿಯಲ್ಲೂ ನಿಮ್ಮ ಕೇಂದ್ರಗಳ ಲೆಕ್ಕ ಸೇರಬೇಕು. 2019ರಲ್ಲಿ ರಾಜ್ಯ ಅಂದಾಜಿಸಿದ ಹಾನಿ 35 ಸಾವಿರ ಕೋಟಿ ರೂಪಾಯಿಗೂ ಹೆಚ್ಚು, ಅಕ್ಟೋಬರಿನಲ್ಲಿ ಕೇಂದ್ರ ಮೊದಲು ಬಿಡುಗಡೆ ಮಾಡಿದ್ದು 1,200 ಕೋಟಿ. ಇಷ್ಟು ಅಂತರವಿರುವಲ್ಲಿ ಪಟ್ಟಿಯಲ್ಲಿ ಹೆಸರೇ ಇಲ್ಲದ ಕೆಲಸಕ್ಕೆ ಪಾಲು ಸಿಗುವುದು ದೂರದ ಮಾತು. 15ನೆಯ ಆಯೋಗ ರಾಜ್ಯ ವಿಪತ್ತು ನಿಧಿಯ ನೂರಕ್ಕೆ 30 ಭಾಗವನ್ನು ಚೇತರಿಕೆ ಮತ್ತು ಪುನರ್ನಿರ್ಮಾಣಕ್ಕೆಂದೇ ವಿಂಗಡಿಸಿತ್ತು. ಶಾಶ್ವತ ಕಟ್ಟಡದ ಬೇಡಿಕೆಯನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಬರೆಯುವಾಗ ಆ ಬಾಬತ್ತಿನ ಹೆಸರನ್ನೇ ಹೇಳಿ ಕೇಳಿ.

ಕಡತ ಎಲ್ಲಿ ನಿಂತಿದೆ ಎಂಬುದನ್ನು ಹದಿನೈದು ದಿನಕ್ಕೊಮ್ಮೆ ವಿಚಾರಿಸುವ ಹೊಣೆಯನ್ನು ಒಬ್ಬರಿಗೆ ವಹಿಸಿ, ಆ ಹೆಸರು ಠರಾವಿನಲ್ಲೇ ಇರಲಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಅದಕ್ಕೆ 30 ದಿನದೊಳಗೆ ಉತ್ತರ ಕೊಡಲೇಬೇಕು. ಬಿಡುಗಡೆಯಾದ ಹಣದ ಬಳಕೆ ಪ್ರಮಾಣಪತ್ರವನ್ನು ಮಾರ್ಚ್ 31ಕ್ಕೆ ಮೊದಲು, ಸಾಧ್ಯವಾದರೆ ಫೆಬ್ರವರಿಯಲ್ಲೇ ಕಳಿಸಿ. ಅದು ಹೋಗದಿದ್ದರೆ ಮುಂದಿನ ವರ್ಷದ ಕಂತು ನಿಲ್ಲುತ್ತದೆ, ಕಂತು ನಿಂತರೆ ಏಪ್ರಿಲಿನಲ್ಲಿ, ಬೇಸಿಗೆಯ ಉದ್ಯೋಗ ಖಾತರಿ ಕೆಲಸ ಏರುವ ಹೊತ್ತಿಗೇ, ಕೇಂದ್ರ ಬಾಗಿಲು ಹಾಕುತ್ತದೆ.

ಮೇ ತಿಂಗಳಲ್ಲಿ ಮುಂದಿನ ಮಳೆಗೆ ಮೊದಲು ಮಾಡಬೇಕಾದದ್ದು ಸ್ವಲ್ಪವೇ. ಹಾಜರಿ ಪುಸ್ತಕ, ಮಕ್ಕಳ ತೂಕದ ದಾಖಲೆ, ಠರಾವಿನ ಪ್ರತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಗೋಡೆಯ ಮೇಲಿನ ಹಳೆಯ ನೀರಿನ ಗುರುತಿಗಿಂತ ಎತ್ತರದ ಮಾಡದಲ್ಲಿ ಇರಿಸಿ, ಒಂದೊಂದು ಪುಟದ ಫೋಟೊವನ್ನು ಪಂಚಾಯ್ತಿಯ ಕಂಪ್ಯೂಟರಿನಲ್ಲೂ ಇಟ್ಟುಕೊಳ್ಳಿ. ನೀರು ಬಂದರೆ ಮಕ್ಕಳನ್ನು ಕರೆದೊಯ್ಯುವ ಶಾಲೆಯ ಕೋಣೆಯ ಬೀಗದ ಕೈ ಆರೈಕೆದಾರರಲ್ಲಿ ಯಾರ ಬಳಿ ಇದೆ ಎಂಬುದನ್ನು ಬಾಗಿಲಿನ ಮೇಲೆ ಬರೆದಿಡಿ.